ಗುಬ್ಬಿಯ ಮಾತು, ದೊಡ್ಡಮ್ಮನ ಬಾಯಿ

ನಾಲ್ಕು ವರ್ಷದ ಗುಬ್ಬಿ ‘ಹಾ... ಹಾ...’ ಎಂದು ಉಗ್ಗಿದರೆ ಸಾಕು, ದೊಡ್ಡಮ್ಮ ಹೊಲಿಗೆ ಮೆಷಿನ್ ತುಳಿಯುತ್ತಲೇ, "ಹಾಲು ಬೇಕಾ ಕಂದ? ತರ್ತೀನಿ ಇರು" ಎನ್ನುತ್ತಿದ್ದಳು. ತಂಗಿ ಬೆಳಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ತಂಗಿಯ ಮಗುವನ್ನು ಹಗಲೆಲ್ಲ ಸಾಕಿದವಳು ಇವಳೇ. "ಅವಳ ಮಾತು ನನಗೊಬ್ಬಳಿಗೇ ತಿಳಿಯೋದು" ಎಂದು ಬಟ್ಟೆ ಹೊಲಿಸಲು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದಳು. ಮದುವೆ ಮಕ್ಕಳಿಲ್ಲದ ಹೆಂಗಸಿಗೆ ಇದ್ದದ್ದೇ ಅದೊಂದು ಜಂಬ, ಪಾಪ.

ಅದಕ್ಕೂ ಕಲ್ಲು ಬಿತ್ತು. ಶಿಶುವಿಹಾರದವರು ಗುಬ್ಬಿಯನ್ನು ಮಾತು ಕಲಿಸುವ ಟೀಚರ್ ಹತ್ತಿರ ಕಳಿಸಿದರು. ಮೊನ್ನೆ ಮೊನ್ನೆ ಕಾಲೇಜು ಮುಗಿಸಿದಂತಿದ್ದ ಹುಡುಗಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮರದ ಕಾರು ಉರುಳಿಸುತ್ತ, ನಿಧಾನವಾಗಿ ಮಾತಾಡುತ್ತಿದ್ದಳು. ಮಗು ತಡವರಿಸಿದರೆ ತಾನು ಬಾಯಿ ಹಾಕುತ್ತಿರಲಿಲ್ಲ. ಮುಖ ನೋಡಿಕೊಂಡು ಕಾಯುತ್ತಿದ್ದಳು, ಅಷ್ಟೆ. "ಸುಮ್ನೆ ಕೂರೋದಕ್ಕೂ ಒಂದು ಓದು!" ಎಂದು ಹೊರಗೆ ಕಾಯುತ್ತಿದ್ದ ದೊಡ್ಡಮ್ಮ ಗೊಣಗಿದಳು. ಆದರೆ ಬಾಗಿಲ ಗಾಜಿನಾಚೆ ಗುಬ್ಬಿ ಕೈ ತಿರುಗಿಸುತ್ತ ಏನೇನೋ ಹೇಳುತ್ತಲೇ ಇತ್ತು. ಮನೆಯಲ್ಲಿ ಎರಡು ಮಾತಿಗೆ ಸುಮ್ಮನಾಗುವ ಮಗು! ದೊಡ್ಡಮ್ಮನ ಹೊಟ್ಟೆ ಉರಿದುಹೋಯಿತು.

ಆಟ ಮುಗಿಸಿ ಹೊರಬಂದ ಟೀಚರ್, "ಅವಳ ಮಾತನ್ನ ನೀವು ಮುಗಿಸಿಕೊಡ್ಬೇಡಿ ಅಮ್ಮ. ಎಷ್ಟು ಹೊತ್ತಾದ್ರೂ ಅವಳೇ ಮುಗಿಸ್ಲಿ" ಎಂದಳು.

ಎತ್ತಿ ಆಡಿಸಿದವಳಿಗೇ ಪಾಠ! ದಾರಿಯುದ್ದಕ್ಕೂ ಕುದಿದಳು. ಸಂಜೆ ತಂಗಿ ಚಪ್ಪಲಿ ಬಿಡುವಷ್ಟರಲ್ಲೇ ಶುರು ಮಾಡಿದಳು: "ಆ ಹುಡುಗಿ ಸರಿಯಿಲ್ಲ ಕಣೇ. ಬಿಡಿಸ್ಬಿಡು."

"ಯಾಕಕ್ಕ, ಮಗು ಮಾತಾಡೋದು ನಿನಗೆ ಬೇಡ್ವಾ?"

ದೊಡ್ಡಮ್ಮನಿಗೆ ಬೇಕಿತ್ತು. ಆದರೆ ಅದು ತನ್ನ ಹತ್ತಿರ ಮಾತಾಡಬೇಕಿತ್ತು, ಯಾವಳೋ ಹತ್ತಿರ ಅಲ್ಲ.

ಮರುದಿನ ಮಧ್ಯಾಹ್ನ ದೊಡ್ಡಮ್ಮ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಫ್ರಾಕೊಂದರ ಅಂಚು ಮಡಚುತ್ತಿದ್ದಳು. ಗುಬ್ಬಿ ಬಂದು ಮೊಣಕಾಲಿಗೆ ಒರಗಿತು.

"ದೊಡ್ಡಮ್ಮ, ನಿನ್ನೆ... ಕಾ... ಕಾ..."

ದೊಡ್ಡಮ್ಮ ಪಿನ್ನುಗಳನ್ನು ಕೈಗೆ ಉಗುಳಿದಳು. "ಕಾರಿನ ಆಟ ಆಡಿದ್ರಿ. ನಾನೇ ನೋಡಿದ್ನಲ್ಲ ಬಿಡು!"

ಗುಬ್ಬಿಯ ಮುಖ ಕೆಂಪಾಯಿತು. ಪುಟ್ಟ ಅಂಗೈಯಿಂದ ದೊಡ್ಡಮ್ಮನ ಬಾಯಿ ಮುಚ್ಚಿತು. "ನೀ... ನೀನು ಹೇಳ್ಬೇಡ. ನಾ... ನಾನು ಹೇಳ್ತೀನಿ."

ದೊಡ್ಡಮ್ಮನ ಊಹೆಯೇನೋ ಸರಿಯಾಗಿಯೇ ಇತ್ತು. ಆದರೆ ಮಾತು ಮುಗಿಸಿಕೊಡುತ್ತಿದ್ದೇನೆ ಎಂದುಕೊಂಡು ಇಷ್ಟು ದಿನವೂ ಮಗುವಿನ ಮಾತನ್ನೇ ಕಿತ್ತುಕೊಳ್ಳುತ್ತಿದ್ದೆನಲ್ಲ! ದೊಡ್ಡಮ್ಮ ಪಿನ್ನುಗಳನ್ನು ಮತ್ತೆ ತುಟಿಗಿಟ್ಟುಕೊಂಡು, ಫ್ರಾಕನ್ನು ಪಕ್ಕಕ್ಕೆ ಸರಿಸಿ, ಮಗುವಿನ ಮುಖ ನೋಡುತ್ತ ಕೂತಳು.

ಗುಬ್ಬಿ ನಿಂತು ನಿಂತು ಹೇಳಿತು. ಕಾರಿನ ಚಕ್ರ ಕಳಚಿತಂತೆ. ಟೀಚರ್ ಬೀರುವಿನಡಿ ಕೈ ತೂರಿಸಿ ಹುಡುಕಿದರಂತೆ. ಟೀಚರ್ ಮೂಗಿಗೆಲ್ಲ ಧೂಳಂತೆ. ಟೀಚರ್ ಸೀನಿದರಂತೆ, ಟೀಚರ್ ನಕ್ಕರಂತೆ. ಮಗು ತನ್ನೆದುರು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು, ಅದರಲ್ಲೂ ಬರೀ ಆ ಟೀಚರೇ! ದೊಡ್ಡಮ್ಮನ ಬಗ್ಗೆ ಒಂದಕ್ಷರವಿಲ್ಲ. ಅವಳ ಕಣ್ಣಲ್ಲಿ ನೀರೇ ಬಂತು, ಅದು ಖುಷಿಯದಂತೂ ಅಲ್ಲ.

ಗುಬ್ಬಿ ಉಸಿರೆಳೆದುಕೊಳ್ಳಲು ನಿಂತಿತು. ದೊಡ್ಡಮ್ಮ ಕಾದಳು. ಇನ್ನೂ ಒಂದಷ್ಟು ಕಾದಳು. ಆಮೇಲೆ ಪಿನ್ನುಗಳನ್ನು ತೆಗೆದು, ನಿಧಾನವಾಗಿ ಕೇಳಿದಳು:

"ಆಮೇಲೆ ಟೀಚರ್ ಏನ್ ಮಾಡಿದ್ರು?"