ವಿಷದ ಹೂವು ನೋಡಲು ಹೊರಟ ಜಯಮ್ಮ ಮಿಸ್

ಮುಡಿದುಕೊಳ್ಳಲಿ ಎಂದು ಕೊಟ್ಟ ಹೂವನ್ನು ಜಯಮ್ಮ ಮಿಸ್ ಬ್ಲೇಡಿನಿಂದ ಸೀಳಿಬಿಡುತ್ತಿದ್ದರು. ಮದುವೆ ಮನೆಯಾಗಲಿ, ಅರಿಸಿನ ಕುಂಕುಮಕ್ಕೆ ಕರೆದವರ ಮನೆಯಾಗಲಿ, ಯಾರಾದರೂ ಗುಲಾಬಿ ಕೊಟ್ಟರೆ ಒಮ್ಮೆ ಮೂಸಿ, ಪರ್ಸಿನಿಂದ ಅರ್ಧ ಬ್ಲೇಡು ತೆಗೆದು, ಅಲ್ಲೇ ಜಗಲಿಯ ಮೇಲೆ ಕೂತು ಎರಡು ಹೋಳು ಮಾಡಿ, "ಬನ್ರೇ, ಒಳಗೇನಿದೆ ನೋಡಿ" ಎಂದು ನಮ್ಮನ್ನು ಕರೆಯುತ್ತಿದ್ದರು. ಹೂವು ಕೊಟ್ಟಾಕೆಯ ಮುಖ ನೋಡುವ ಹಾಗಿರುತ್ತಿತ್ತು. "ಇವಳಿಗೆ ಇನ್ನೂ ಮದುವೆ ಆಗ್ದೇ ಇರೋದು ಸುಮ್ನೆ ಅಲ್ಲ" ಎಂದು ನಮ್ಮಮ್ಮ ಮನೆಗೆ ಬಂದಮೇಲೆ ಗೊಣಗುತ್ತಿದ್ದಳು.

ಇದು ಅರವತ್ತರ ದಶಕದ ನಡುವಿನ ಮಾತು. ಮಿಸ್ ಯಲಹಂಕದ ನಮ್ಮ ಬೀದಿಯವರೇ. ಅವರ ತಂದೆ ಹನುಮಂತರಾಯಪ್ಪನವರಿಗೆ ಬಾಗಲೂರು ದಾರಿಯಲ್ಲಿ ದ್ರಾಕ್ಷಿ ತೋಟವಿತ್ತು. ಬಿ.ಎಸ್ಸಿ. ಓದಿದ ಮಗಳು ಎಂಬ ಹೆಮ್ಮೆ ಅವರಿಗೆ ಎಷ್ಟಿತ್ತೋ, ಅದೇ ಓದಿನಿಂದ ಗಂಡು ಕುದುರುತ್ತಿಲ್ಲ ಎಂಬ ಸಂಕಟವೂ ಅಷ್ಟೇ ಇತ್ತು. ಮಿಸ್ ನಮ್ಮ ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಸಂಜೆ ಹಿಂದಿ ಪರೀಕ್ಷೆಗಳಿಗೆ ಓದುತ್ತಿದ್ದರು. ಯಾಕೆ ಎಂದು ಕೇಳಿದರೆ "ಇರ್ಲಿ ಬಿಡೇ, ಯಾವತ್ತಾದ್ರೂ ಬೇಕಾಗುತ್ತೆ" ಎನ್ನುತ್ತಿದ್ದರು.

ನಮ್ಮ ಪುಸ್ತಕದಲ್ಲಿ ವತ್ಸನಾಭಿ ಎಂಬ ಗಿಡದ ಪಾಠವಿತ್ತು. ಹಿಮಾಲಯದ ಎತ್ತರದಲ್ಲಿ ತಾನಾಗಿ ಬೆಳೆಯುವ ಗಿಡ. ಬೇರಿನಿಂದ ಹೂವಿನವರೆಗೆ ವಿಷ. ಹೂವು ನೀಲಿ. ಅದರ ಮೇಲಿನ ಎಸಳು ಎಳೆಕೂಸಿನ ಕುಲಾವಿಯಂತೆ ಬಾಗಿ ಉಳಿದದ್ದನ್ನೆಲ್ಲ ಮುಚ್ಚಿಕೊಂಡಿರುತ್ತದೆ. ಮಿಸ್ ಅದನ್ನು ಹಲಗೆಯ ಮೇಲೆ ಬರೆದರೆ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಒಂದು ದಿನ ನಾನು ಎದ್ದು ನಿಂತು ಕೇಳಿದೆ:

"ಮಿಸ್, ನೀವು ಇದನ್ನ ನೋಡಿದ್ದೀರಾ?"

ಮಿಸ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. "ಇಲ್ಲ ಕಣೇ. ಪ್ರತಿ ವರ್ಷ ನೋಡಿದವಳ ಥರ ಪಾಠ ಮಾಡ್ತೀನಿ, ಅಲ್ವಾ?" ಎಂದು ನಕ್ಕರು. ಆದರೆ ಆ ಪೀರಿಯಡ್ಡು ಮುಗಿಯುವವರೆಗೆ ಅವರ ಮನಸ್ಸು ಪಾಠದಲ್ಲಿ ಇರಲಿಲ್ಲ.

ಮುಂದಿನ ವಾರ ಅವರು ಪೇಟೆಯ ಗ್ರಂಧಿಗೆ ಅಂಗಡಿಯಿಂದ ವತ್ಸನಾಭಿಯ ಬೇರು ತಂದರು. ಔಷಧಿಗೆಂದು ಮಾರುವ, ಕಪ್ಪಗೆ ಸುರುಟಿಕೊಂಡ ಬೇರು. ಅದನ್ನು ಕುಂಡದಲ್ಲಿ ನೆಟ್ಟು, ಸುತ್ತ ಜಾಲಿಮುಳ್ಳು ಕಟ್ಟಿ, "ಯಾರೂ ಮುಟ್ಟಬಾರದು" ಎಂದು ಬರೆದು ಕ್ಲಾಸಿನ ಕಿಟಕಿಯಲ್ಲಿಟ್ಟರು. ನಾವು ಬೆಳಿಗ್ಗೆ ಬಂದವರೇ ಮೊದಲು ಕುಂಡ ನೋಡುವುದು, ಆಮೇಲೆ ಪ್ರಾರ್ಥನೆ. ಮಳೆಗಾಲ ಕಳೆಯಿತು, ದಸರಾ ರಜೆಯೂ ಕಳೆಯಿತು, ಕುಂಡದಲ್ಲಿ ಗರಿಕೆ ಬಿಟ್ಟು ಇನ್ನೇನೂ ಬರಲಿಲ್ಲ. ಕೊನೆಗೆ ಮಿಸ್ ಬೇರನ್ನು ಕಿತ್ತು ಬ್ಲೇಡಿನಿಂದ ಸೀಳಿದರು. ಒಳಗೆ ಮರದ ಚಕ್ಕೆಯಂತೆ ಒಣಗಿತ್ತು.

"ವಿಷ ಇಳಿಸೋಕೆ ಬೇಯಿಸಿಬಿಟ್ಟಿದ್ದಾರೆ ಕಣ್ರೇ! ತೋಟದವರ ಮನೆ ಮಗಳಾಗಿ ಬೆಂದ ಗೆಡ್ಡೆ ನೆಟ್ಟು ನೀರು ಹಾಕಿದ್ದೀನಿ ನೋಡಿ ನಾನು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಮೇಲೆ ಮೆಲ್ಲಗೆ ಹೇಳಿದರು, "ಅದು ಇಲ್ಲಿಗೆ ಬರಲ್ಲ. ನಾನೇ ಹೋಗ್ಬೇಕು."

ಹೋಗುವುದೆಂದರೆ ಸುಲಭವೇ? ಆ ಹೂವು ಅರಳುವುದು ಶ್ರಾವಣದಲ್ಲಿ. ಮರುವರ್ಷದ ಶ್ರಾವಣಕ್ಕೇ ದೊಡ್ಡಬಳ್ಳಾಪುರದ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವುದೆಂದು ಹನುಮಂತರಾಯಪ್ಪನವರು ಮಾತಾಡಿಕೊಂಡು ಬಂದಿದ್ದರು. ಮಗಳ ಆಸೆ ಕೇಳಿ ಅವರು ಕೂಗಾಡಿದ್ದು ನಮ್ಮ ಮನೆಗೇ ಕೇಳಿಸಿತು.

"ಊವು ನೋಡಕ್ಕೆ ಇಮಾಲಯಕ್ಕಾ? ಅದೂ ಇಸದ್ ಊವು! ಇರೋದೊಂದು ಸಂಬಂಧಾನೂ ಕಳ್ಕೊಂಡು ಮನೇಲಿ ಕೂತ್ಕತೀಯಾ?"

ಶಾಲೆಯಲ್ಲೂ ಅದೇ ಕಥೆ. ಅಜ್ಜಿಗೆ ಹುಷಾರಿಲ್ಲ ಎಂದು ಬರೆದಿದ್ದರೆ ರಜೆ ಸಿಗುತ್ತಿತ್ತೇನೋ. ನಮ್ಮ ಮಿಸ್ ಅಂಥವರಲ್ಲ. ಹೂವು ನೋಡಬೇಕು, ರಜೆ ಕೊಡಿ ಎಂದೇ ಬರೆದರು. ಹೆಡ್‌ಮಿಸ್ಟ್ರೆಸ್ಸು ಓದಿ ಕನ್ನಡಕ ತೆಗೆದು, "ನಾಳೆ ಇನ್ನೊಬ್ಬರು ಸಮುದ್ರ ನೋಡ್ಬೇಕು ಅಂತಾರೆ. ಸ್ಕೂಲು ಯಾರಮ್ಮ ನಡೆಸೋದು?" ಎಂದು ವಾಪಸು ಕೊಟ್ಟರಂತೆ. ಮಿಸ್ ಅವತ್ತು ನಮಗೆ ಪಾಠ ಮಾಡಲಿಲ್ಲ. ಸುಮ್ಮನೆ ಕಿಟಕಿಯ ಹತ್ತಿರ ನಿಂತಿದ್ದರು. ಅವರನ್ನು ಹಾಗೆ ನೋಡಿ ನನಗೆ ಅಳುವೇ ಬಂತು.

ಅವರ ಕೈ ಹಿಡಿದದ್ದು ಅಜ್ಜಿ, ಹನುಮಂತರಾಯಪ್ಪನವರ ತಾಯಿ ಮುನಿಯಮ್ಮ. ಆ ಮುದುಕಿಗೆ ಓದು ಬರಹ ಬಾರದು, ಹೆದರಿಕೆ ಎಂಬುದೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಕೋಲೂರಿಕೊಂಡು ನೇರ ಶಾಲೆಗೆ ಬಂದು ಹೆಡ್‌ಮಿಸ್ಟ್ರೆಸ್ಸಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ನಾವೆಲ್ಲ ಕಾರಿಡಾರಿನಲ್ಲಿ ಕಿವಿ ನೆಟ್ಟುಕೊಂಡು ನಿಂತೆವು.

"ನೋಡವ್ವ, ನಾನ್ ಸಾಯೋದ್ರೊಳ್ಗೆ ಬದರಿ ನಾರಾಯಣನ್ನ ನೋಡ್ಬೇಕು. ಮಗ ತೋಟ ಬಿಟ್ ಬರಾಕಿಲ್ಲ. ಇಂದಿ ಬರೋದು ಇವ್ಳೊಬ್ಳಿಗೇಯ. ಕಳಿಸ್ಕೊಡು. ಪುಣ್ಯದಾಗ್ ನಿಂಗೂ ಪಾಲೈತೆ."

ಪುಣ್ಯದ ಮಾತು ಬಂದಮೇಲೆ ಹೆಡ್‌ಮಿಸ್ಟ್ರೆಸ್ಸು ಇಲ್ಲ ಎನ್ನುವುದು ಹೇಗೆ? ಸಂಬಳವಿಲ್ಲದ ರಜೆ ಸಿಕ್ಕಿತು. ಮನೆಯಲ್ಲಿ ಮಗನಿಗೂ ಅಜ್ಜಿಯೇ ಉತ್ತರ ಕೊಟ್ಟಳು: "ಗಂಡು ಕಾದ್ರೆ ಕಾಯ್ಲಿ. ಕಾಯಾಕಿಲ್ಲ ಅಂದ್ರೆ ಅವ್ನು ನಮ್ಮುಡ್ಗಿಗೆ ತಕ್ಕೋನಲ್ಲ ಬುಡು."

ಗಂಡು ಕಾಯಲಿಲ್ಲ. ಅಜ್ಜಿ ಮೊಮ್ಮಗಳು ಯಶವಂತಪುರದಲ್ಲಿ ರೈಲು ಹತ್ತಿ ಹೋದ ತಿಂಗಳೊಳಗೇ ಅವನಿಗೆ ಬೇರೆ ಕಡೆ ನಿಶ್ಚಯವಾಯಿತು. ಹನುಮಂತರಾಯಪ್ಪನವರು ತೋಟದಲ್ಲೇ ಮಲಗಲು ಶುರುಮಾಡಿದರು.

ಯಾತ್ರೆಯ ಕಥೆಯನ್ನು ಅಜ್ಜಿ ಬೀದಿಗೆಲ್ಲ ಹೇಳಿದಳು. ಬಸ್ಸು ಹೋಗುವವರೆಗೆ ಬಸ್ಸಂತೆ. ಅಲ್ಲಿಂದಾಚೆಗೆ ಒಬ್ಬ ಆಳು ಅವಳನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತನಂತೆ. ಮಳೆ, ಗುಡ್ಡ ಜರಿದ ದಾರಿ. ಮೊಮ್ಮಗಳು ಕಂಡಕಂಡ ಪೊದೆಗೆಲ್ಲ ಬಗ್ಗಿ ಬಗ್ಗಿ ನೋಡುತ್ತ ಹಿಂದೆ ಬಿದ್ದಿದ್ದಳಂತೆ. ದರ್ಶನ ಮುಗಿಯಿತು, ಹೂವು ಸಿಕ್ಕಲಿಲ್ಲ.

"ಇಳ್ದು ಬರ್ತಾ ಇದೀವಿ. ಇವ್ಳು ಮುಖ ಸಣ್ಣಗ್ ಮಾಡ್ಕಂಡವ್ಳೆ. ನಂಗೆ ಬುಟ್ಟಿ ಮೇಲಿಂದ ಎಲ್ಲಾ ಕಾಣ್ತದಲ್ಲ. ತೊರೆ ಪಕ್ಕ ಒಂದು ಮಗ್ಗಲೆಲ್ಲ ನೀಲಿಗೈತೆ! ಏ ಜಯ, ಅಗಾ ನೋಡೇ ನಿನ್ ಇಸದ್ ಊವು, ಕುಲಾವಿ ಆಕ್ಕಂಡ್ ನಿಂತೈತೆ ಅಂದೆ. ಇವ್ಳು ಓಗಿ ಕೆಸ್ರಲ್ಲೇ ಕೂತ್ಬುಟ್ಳು."

ಶಾಲೆಗೆ ಬಂದ ದಿನ ನಾವು ಮಿಸ್ಸನ್ನು ಮುತ್ತಿಕೊಂಡೆವು. ಒಂದು ಹೂವಾದರೂ ತಂದಿರುತ್ತಾರೆ, ಸೀಳಿ ತೋರಿಸುತ್ತಾರೆ ಎಂದುಕೊಂಡಿದ್ದೆವು.

"ಕೀಳಲಿಲ್ಲ ಕಣ್ರೇ" ಎಂದರು. "ಕೀಳೋಣ ಅಂತಾನೇ ಹೋಗಿದ್ದೆ. ಒಂದು ದುಂಬಿ ಬಂತು, ಆ ಮುಸುಕಿನೊಳಗೆ ನುಗ್ಗಿ ಹೊರಗೆ ಬಂತು, ಪಕ್ಕದ ಹೂವಿಗೆ ಹೋಯ್ತು. ಅದನ್ನೇ ನೋಡ್ತಾ ಕೂತುಬಿಟ್ಟೆ. ನನಗೆ ಇನ್ನೂ ಎಷ್ಟೊಂದು ನೋಡೋದಿದೆ ಅನ್ನಿಸ್ತು."

ಆ ಮಾತು ಸುಮ್ಮನೆ ಆಡಿದ್ದಲ್ಲ. ವರ್ಷ ತುಂಬುವ ಮೊದಲೇ ಬದರಿ ಕಡೆಯ ಗಡವಾಲಿನ ಒಂದು ಬೆಟ್ಟದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಹೊರಡುವ ದಿನ ಯಶವಂತಪುರದ ಸ್ಟೇಷನ್ನಿಗೆ ಅಜ್ಜಿ ಬಂದಿದ್ದಳು, ನಾವು ಹುಡುಗಿಯರು ಬಂದಿದ್ದೆವು. ಮಿಸ್ ಗಾಡಿ ಹತ್ತಿಯೂ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ನಮ್ಮ ತಲೆಗಳ ಮೇಲಿಂದ ಗೇಟಿನ ಕಡೆಗೇ ನೋಡುತ್ತಿದ್ದರು. ಅವರ ಅಪ್ಪ ಬರಲಿಲ್ಲ. ಗಾಡಿ ಹೊರಟಿತು. ನಾನು ಮಿಸ್ಸನ್ನು ನೋಡಿದ್ದು ಅದೇ ಕೊನೆ. ಆ ಯಜಮಾನರ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ಎಷ್ಟೋ ದಿನ ಅವರು ಎದುರಿಗೆ ಬಂದರೂ ಮಾತಾಡಿಸಲಿಲ್ಲ.

ಮರುವರ್ಷ ಶ್ರಾವಣ ಬಂದಾಗ ಹನುಮಂತರಾಯಪ್ಪನವರು ತೋಟವನ್ನು ಆಳುಗಳಿಗೆ ಒಪ್ಪಿಸಿ, ಒಂದು ಚೀಲ ರಾಗಿಹಿಟ್ಟು ಹೆಗಲಿಗೇರಿಸಿಕೊಂಡು, ಒಂದಕ್ಷರ ಹಿಂದಿ ಬಾರದೆ ಒಬ್ಬರೇ ಹೊರಟುಬಿಟ್ಟರು. ಎಲ್ಲಿಗೆ ಎಂದು ಕೇಳಿದವರಿಗೆಲ್ಲ "ಅದೇನೋ ಊವಂತಲ್ಲ, ನೋಡ್ಕಂಡ್ ಬತ್ತೀನಿ" ಎಂದಷ್ಟೇ ಹೇಳಿದರು. ತಿಂಗಳು ಕಳೆದು ವಾಪಸು ಬಂದಾಗ ನನ್ನ ಸಿಟ್ಟೆಲ್ಲ ಮರೆತು ಬೀದಿಗೆ ಓಡಿದೆ.

"ಮಾವ, ಹೂವು ಹೆಂಗಿತ್ತು?"

ಅವರು ಚೀಲ ಕೆಳಗಿಳಿಸಿ, ಟವಲಿನಿಂದ ಮುಖ ಒರೆಸಿಕೊಂಡರು.

"ಊವಾ? ಅದನ್ನ್ ನೋಡಕ್ಕೆ ಟೈಮೆಲ್ಲಿತ್ತು ಮಗ," ಎಂದರು, "ಮಗಳ್ನ ನೋಡ್ಕಂಡ್ ಬಂದೆ."