ಯಾರ ಮನಿ ಕೂಸು

ಆಗ ನಮ್ಮ ಮೂಡಲಗಿಯಲ್ಲಿ ಬೇಸಿಗೆ ಬಂತೆಂದರೆ ನಮಗೆ ಗಜಗದ ಆಟ, ಹುಣಸೆಹಣ್ಣಿನ ಚಿಗಳಿ. ದೊಡ್ಡವರಿಗೆ ದೇವಿಯ ಹೆದರಿಕೆ. ಸಿಡುಬು ಅಂತ ಯಾರೂ ಅನ್ನುತ್ತಿರಲಿಲ್ಲ. ರೋಗಕ್ಕೂ ದೇವಿ ಎನ್ನುತ್ತಿದ್ದೆವು, ಅದನ್ನು ತರುವವಳಿಗೂ ದೇವಿ, ಅದು ಬಾರದಂತೆ ತೋಳಿಗೆ ಚುಚ್ಚುವ ಲಸಿಕೆಗೂ ದೇವಿಯೇ. ಒಂದೇ ಶಬ್ದದಲ್ಲಿ ಮೂರು ಸಂಸಾರ ನಡೆಸುತ್ತಿದ್ದೆವು. ಆ ವರ್ಷ ಅದೇ ಶಬ್ದ ನಮ್ಮ ಮನೆಯನ್ನು ಇಬ್ಭಾಗ ಮಾಡಿತು.

ನನಗೆ ಎಂಟೋ ಒಂಬತ್ತೋ ವಯಸ್ಸು. ಹಳ್ಳದ ಕಡೆಯ ಓಣಿಗೆ ದೇವಿ ಬಂದಿದ್ದಳು. ಬಾಗಿಲಿಗೆಲ್ಲ ಬೇವಿನ ಟೊಂಗೆ. ದೇವಿ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಮಧ್ಯಾಹ್ನ ಒಗ್ಗರಣೆಯ ವಾಸನೆಯೇ ಬಾರದ ಓಣಿ ಎಷ್ಟು ಭಯ ಹುಟ್ಟಿಸುತ್ತದೆಂದು ಅದನ್ನು ದಾಟಿದವರಿಗೇ ಗೊತ್ತು. ನನ್ನ ತಮ್ಮ ಬಸು ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವನಿಗಿನ್ನೂ ದೇವಿ ಹಾಕಿಸಿರಲಿಲ್ಲ. ಅಪ್ಪ ಬೆಲ್ಲದ ವ್ಯಾಪಾರಕ್ಕೆಂದು ಸಂಕೇಶ್ವರಕ್ಕೆ ಹೋಗಿದ್ದ. ಮನೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ ಹೇಳಿದ್ದೇ ಮಾತು.

"ನಾಳೆ ದೇವಿ ಹಾಕವರು ಬರ್ತಾರಂತ್ರಿ ಅತ್ತಿ. ಕೂಸಿಗೆ ಹಾಕಸೂಣ್ರಿ" ಎಂದಳು ಅವ್ವ, ರೊಟ್ಟಿ ಬಡಿಯುತ್ತ.

"ಅಕಿ ಊರಾಗ ಅಡ್ಡಾಡಾಕತ್ತಾಳ. ಇಂಥಾ ಹೊತ್ತಿನ್ಯಾಗ ಸೂಜಿ ಚುಚ್ಚಿ ಅಕಿನ್ನ ಕೆಣಕತಿ ಏನು? ಮುಂಜಾನಿ ಚಕ್ಕಡಿ ಹೂಡಸ್ತೇನಿ. ಕೂಸಿನ್ನ ತಗೊಂಡು ಕೌಜಲಗಿಗೆ ಹೋಗ್ತೇನಿ."

"ಹಾಲು ಕುಡಿಯೂ ಕೂಸರಿ ಅದು."

"ನಮ್ಮ ತವರಾಗ ಎಮ್ಮಿ ಅದಾವ."

ರೊಟ್ಟಿ ಹೊತ್ತಿದ ವಾಸನೆ ಬಂತು.

ಆಯಿಗೆ ಅಪ್ಪನಿಗಿಂತ ಮೊದಲು ಒಬ್ಬ ಮಗಳಿದ್ದಳಂತೆ, ದೇವಿಯಿಂದಲೇ ತೀರಿಕೊಂಡಳಂತೆ. ದೇವಿ ಒಯ್ದ ಕೂಸಿಗಾಗಿ ಅಳುವಂತಿರಲಿಲ್ಲ. ಅತ್ತರೆ ಅವಳು ಸಿಟ್ಟಾಗಿ ಉಳಿದವರನ್ನೂ ಒಯ್ಯುತ್ತಾಳೆಂದು ನಂಬಿಕೆ. ಆಯಿ ಒಂದು ಹನಿ ಕಣ್ಣೀರೂ ಹಾಕಲಿಲ್ಲವೆಂದು ಓಣಿಯ ಹೆಂಗಸರು ಹೊಗಳುತ್ತಿದ್ದರು. ಅದೇನು ಹೊಗಳಿಕೆಯೋ.

ಅದೇ ದಿನ ಊರಲ್ಲಿ ಡಂಗುರ ಸಾರಿದರು: "ಸಂಜಿಮುಂದ ಸಾಲಿ ಬಯಲಾಗ ದೇವಿ ತೋರಸ್ತಾರ್ರಪೋ, ಮುಂಜಾನಿ ದೇವಿ ಹಾಕ್ತಾರ್ರಪೋ." ತೋರಿಸುವುದು ರೋಗದ ಚಿತ್ರ. ಆದರೆ ಊರಿಗೆ ಕೇಳಿಸಿದ್ದು ಬೇರೆ. ಹೊತ್ತು ಮುಳುಗುವಷ್ಟರಲ್ಲಿ ಹೆಂಗಸರೆಲ್ಲ ಅರಿಷಿಣ ಕುಂಕುಮ, ಉಡಿಯಕ್ಕಿ, ಮೊಸರನ್ನ ಹಿಡಿದು ಬಂದರು. ಆಯಿಯೂ ಮಡಿಸೀರೆ ಉಟ್ಟು ಬಂದಳು. ನಾನು ಅವಳ ಬಗಲಲ್ಲಿ. ಅವ್ವ ಬಸುವನ್ನೆತ್ತಿಕೊಂಡು ಹಿಂದೆ.

ಸಾಲಿಯ ಗೋಡೆಗೆ ಧೋತರ ಕಟ್ಟಿ ನೀರು ಚಿಮುಕಿಸಿದ್ದರು. ಬೆಳಗಾವಿಯಿಂದ ಬಂದ ಎಳೆಯ ಸಾಹೇಬನೊಬ್ಬ ಧೋತರದ ಮೇಲೆ ಚಿತ್ರ ಮೂಡಿಸುವ ಕಂದೀಲು ಹೊತ್ತಿಸಿದ. ಕಾರ್ಬೈಡಿನ ಬೆಳ್ಳುಳ್ಳಿಯಂಥ ನಾತ ಮೂಗಿಗೆ ಬಡಿಯಿತು. ಮೊದಲು ಯಾವುದೋ ಹೊಳೆ, ಸೇತುವೆ ಬಂದವು. ನಾವು ಹುಡುಗರು ಕೇಕೆ ಹಾಕಿದೆವು. ಆಮೇಲೆ ಅವನು, "ಈಗ ನೋಡ್ರಿ, ಇದು ದೇವಿ" ಎಂದ.

ಧೋತರದ ತುಂಬ ಒಂದು ಹೆಣ್ಣುಕೂಸು. ಮುಖವೆಲ್ಲ ಜೋಳದ ತೆನೆಯಂತೆ ಕಾಳುಗಟ್ಟಿತ್ತು, ಕಣ್ಣು ಬಾತು ಮುಚ್ಚಿದ್ದವು. ಕೈ ಯಾರದೋ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಸೆರಗಿನವಳು ಚಿತ್ರದೊಳಗೆ ಬಂದಿರಲಿಲ್ಲ.

ಬಯಲಿಗೆ ಬಯಲೇ ಎದ್ದು ನಿಂತಿತು. ಗಂಡಸರು ಕಾಲ್ಮರಿ ಕಳಚಿ ಬರಿಗಾಲಲ್ಲಿ ಕೈಮುಗಿದರು. ಹೆಂಗಸರು ಮುಂದೆ ನುಗ್ಗಿ ಆ ಮುಖಕ್ಕೆ ಕುಂಕುಮ, ಅಕ್ಕಿ ಎರಚತೊಡಗಿದರು. "ಇದು ರೋಗರಿ, ದೇವರಲ್ಲ" ಎಂದು ಸಾಹೇಬ ಕೂಗಿದ್ದನ್ನು ಕೇಳುವವರಿಲ್ಲ. ಆಯಿಯ ಕೈಯಲ್ಲೂ ಕುಂಕುಮವಿತ್ತು, ಅವಳು ಎರಚಲಿಲ್ಲ. ಧೋತರದ ಹತ್ತಿರ ಹೋಗಿ ಸಾಹೇಬನ ಕಡೆ ತಿರುಗಿದಳು.

"ಇದು ಯಾರ ಮನಿ ಕೂಸ್ರಿ?"

"ಅದು ಬರೇ ಚಿತ್ರ, ಅಜ್ಜಿ."

"ಚಿತ್ರ ಅನ್ನೂದು ನನಗೂ ಕಾಣತೈತ್ರಿ. ಕೂಸು ಖರೇದೋ ಸುಳ್ಳೋ?"

"ಖರೇದ್ರಿ. ಫೋಟೋ ಅದು."

"ಮತ್ತ, ಉಳೀತೇನ್ರಿ?"

ಅಕ್ಕಿ ಎರಚುತ್ತಿದ್ದ ಕೈಗಳು ನಿಂತವು. ಉಳಿಯಿತೆಂದಿದ್ದರೆ ದೇವಿ ಕೃಪೆ ಮಾಡಿದಳೆಂದು ಎಲ್ಲರೂ ಕೈಮುಗಿದು ಮನೆಗೆ ಹೋಗುತ್ತಿದ್ದರು, ಬಸು ಕೌಜಲಗಿಯ ಚಕ್ಕಡಿ ಹತ್ತುತ್ತಿದ್ದ. ಹಿಂದಿದ್ದ ಅವ್ವ ಬಸುವನ್ನೆತ್ತಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಇಲ್ರಿ," ಎಂದ ಸಾಹೇಬ, ಮೆಲ್ಲಗೆ. "ಉಳೀಲಿಲ್ಲ."

"ಅವರವ್ವ ಅತ್ತಳೇನ್ರಿ?"

ಆಯಿ ಆ ಕೂಸಿನ ಕೈ ಇದ್ದ ಕಡೆ ಧೋತರವನ್ನು ಮುಟ್ಟಿದಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು. "ಕಣ್ಣೀರು ಹಾಕಬ್ಯಾಡವಾ, ಅಕಿ ಸಿಟ್ಟಾಗ್ತಾಳ" ಎಂದು ಹೆಂಗಸರು ಎಳೆದರೂ ಏಳಲಿಲ್ಲ. ದೊಡ್ಡವರೂ ಹಾಗೆ ಅಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಹೆದರಿ ಅವ್ವನ ಕಾಲು ತಬ್ಬಿಕೊಂಡೆ.

ಮುಂಜಾನೆ ನೋಡಿದರೆ ಚಕ್ಕಡಿ ಹೂಡಿಯೇ ಇತ್ತು, ಆಯಿಯ ಬಟ್ಟೆಯ ಗಂಟು ಅದರೊಳಗೇ ಇತ್ತು. ಅವ್ವ ಬಸುವನ್ನು ಎದೆಗವಚಿಕೊಂಡು ಹೊಸ್ತಿಲಿಗೆ ಅಡ್ಡ ನಿಂತಳು. ಅತ್ತೆಯ ಎದುರು ಅವಳು ಹಾಗೆ ನಿಂತದ್ದು ಅದೇ ಮೊದಲು.

"ಕೊಡೂದಿಲ್ರಿ."

"ಕೊಡು, ನಾ ಹಿಡಕೋತೇನಿ," ಎಂದಳು ಆಯಿ.

ಕೂಸನ್ನು ಇಸಿದುಕೊಂಡು ನಡೆದಳು. ನಾವು ಹಿಂದೆ ಓಡಿದೆವು. ಚಕ್ಕಡಿಯನ್ನು ದಾಟಿ, ಹಳ್ಳದ ಓಣಿಯನ್ನೂ ದಾಟಿ ಸಾಲಿಯ ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ಹೋಗಿ ಕೂತಳು. ಬಸುವಿನ ತೋಳನ್ನು ತಾನೇ ಹಿಡಿದಳು. ಅವನು ಚೀರಿದಾಗ ಬೆನ್ನು ಸವರುತ್ತ, "ಅಳು ನನ್ನಪ್ಪ, ಅಳು. ಅತ್ತರ ಯಾರೇನೂ ಮಾಡೂದಿಲ್ಲ" ಎಂದಳು.

ಬಸುವಿನ ತೋಳಿನ ಮೇಲೆ ಆ ಸೂಜಿಯ ಕಲೆ ಅವನ ಕೊನೆಯವರೆಗೂ ಇತ್ತು. ಆ ದೇವಿ ಈಗ ಜಗತ್ತನ್ನೇ ಬಿಟ್ಟುಹೋಗಿದ್ದಾಳೆ. ಅದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಆಯಿ ಹೋದದ್ದಕ್ಕೆ ಇದೆ. ಈಗ ಟೀವಿಯಲ್ಲಿ ಬೇನೆ ಬಿದ್ದ ಕೂಸುಗಳು ಎಷ್ಟೊಂದು ಬರುತ್ತವೆ, ಅದೂ ಬಣ್ಣದಲ್ಲಿ. ಜೊತೆಗೆ ತಿಳಿವಳಿಕೆಯ ಮಾತೂ ಇರುತ್ತದೆ, ನಾವು ತಿಳಿದುಕೊಳ್ಳುತ್ತೇವೆ. ಮೊನ್ನೆ ಊಟದ ಹೊತ್ತಿಗೆ ಅಂಥದೊಂದು ಕೂಸು ಬಂತು. ಮೊಮ್ಮಗಳು "ಪಾಪ" ಎಂದು ಸಾರು ಬಡಿಸಿದಳು, ನಾನು ಉಂಡೆ. ಯಾರ ಮನೆಯದು ಎಂದು ಕೇಳುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.