ಜೋಡಿಗುಂಡಿ ಅತ್ತಿಗೆ

ಕೊಲ್ಲುವ ಯಂತ್ರದ ಆ ಹಳೇ ಸಿನಿಮಾದ ಮಾತು ಬಂದರೆ ಸಾಕು, ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಾಯಿ ಬರುತ್ತದೆ. ಒಬ್ಬ ಅದರ ಕೆಂಪು ಕಣ್ಣಿನ ವರ್ಣನೆಗೆ ಇಳಿಯುತ್ತಾನೆ. ಇನ್ನೊಬ್ಬ ಅದು ಗೋಡೆ ಒಡೆದುಕೊಂಡು ಬರುವ ಠೀವಿಯನ್ನು ನಿಂತಲ್ಲೇ ಎದೆ ಉಬ್ಬಿಸಿ ತೋರಿಸುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಆ ಸಿನಿಮಾ ಅತ್ತಿಗೆಯದು. ಅದರ ಮುಕ್ಕಾಲು ಪಾಲನ್ನು ಅವಳು ಗೊರಕೆ ಹೊಡೆದೇ ಕಳೆದಿದ್ದಳು ಎಂಬುದು ಬೇರೆ ಮಾತು.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಆಳು ಗಿಡ್ಡ, ದನಿ ದೊಡ್ಡದು. ಅಣ್ಣ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಅತ್ತಿಗೆಗೆ ಡಬ್ಬಿಯ ಮುಚ್ಚಳ ಮಾಡುವ ಶೆಡ್ಡಿನಲ್ಲಿ ಪ್ರೆಸ್ಸಿನ ಮೇಲೆ ಕೆಲಸ. ನಾನು ಅದೇ ಶೆಡ್ಡಿನ ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದೆ. ಬೆಸುಗೆಯನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಓದು ಬರಹವನ್ನೂ ಅಷ್ಟೇ. ಎರಡನ್ನೂ ಕಣ್ಣಲ್ಲಿ ಕದ್ದು ಕಲಿತೆ. ಹಾಗಾಗಿ ಈ ಕಥೆಯಲ್ಲಿ ಯಾವ ಪುಸ್ತಕದ ಮಾತೂ ಇಲ್ಲ, ಕಂಡದ್ದು ಮಾತ್ರ ಇದೆ.

ಪ್ರೆಸ್ಸು ನೋಡದವರಿಗೆ ಹೇಳಬೇಕು. ತಲೆಯ ಮೇಲೆ ಎದ್ದು ನಿಂತ ಕಬ್ಬಿಣದ ಚೌಕಟ್ಟು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ತಗಡಿಟ್ಟು ಗುಂಡಿ ಒತ್ತಿದರೆ ಮೇಲಿನದು ದಢಾರನೆ ಇಳಿಯುತ್ತದೆ, ತಗಡು ಮುಚ್ಚಳವಾಗುತ್ತದೆ. ಗುಂಡಿ ಎರಡು, ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುವುದು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಬಾಯಿಗೆ ಕೊಡಲು ಮೂರನೇ ಕೈ ಎಲ್ಲಿಂದ ಬರಬೇಕು? ಯಂತ್ರ ಮಾಡಿದ ಪುಣ್ಯಾತ್ಮ ಯೋಚಿಸಿಯೇ ಮಾಡಿದ್ದ.

ಕೆಡಿಸಿದವರು ನಾವು. ಆರ್ಡರು ಜಾಸ್ತಿಯಾದಾಗ ಒಂದು ಗುಂಡಿಯನ್ನು ಒತ್ತಿ ಹಿಡಿದು, ಮೇಲೊಂದು ಮರದ ಚಕ್ಕೆಯಿಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿಬಿಡುವುದು. ಆಮೇಲೆ ಒಂದೇ ಕೈ ಸಾಕು; ಇನ್ನೊಂದು ಕೈ ತಗಡು ಇಡುತ್ತಿರುತ್ತದೆ. ಶೆಡ್ಡಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಇದನ್ನು ಶುರು ಮಾಡಿದ ಅನ್ನುವುದು ನಿಜವೇ. ಆದರೆ ಬೇಗ ಮನೆ ಸೇರುವ ಆಸೆಗೆ ಹೆಂಗಸರೇ ಮನೆಯಿಂದ ಟ್ಯೂಬು ಕತ್ತರಿಸಿಕೊಂಡು ಬರುತ್ತಿದ್ದರು. ಅತ್ತಿಗೆಯ ಪ್ರೆಸ್ಸಿಗೂ ಆಗಾಗ ಟ್ಯೂಬು ಸುತ್ತಿಕೊಳ್ಳುತ್ತಿತ್ತು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ.

ಅದೇ ಹೊತ್ತಿಗೆ ಅತ್ತಿಗೆಯ ತಂಗಿ ಶೆಡ್ಡಿಗೆ ಸೇರಿದ್ದಳು. ತಾಯಿಯಿಲ್ಲದ ಹುಡುಗಿ, ಅಕ್ಕನೇ ಎತ್ತಿ ಆಡಿಸಿ ದೊಡ್ಡದು ಮಾಡಿದ್ದು. ಕೂತಿದ್ದು ಅಕ್ಕನ ಪಕ್ಕದ ಪ್ರೆಸ್ಸಿಗೆ. ಕೈಯೋ, ಮಿಂಚು! ಕೈ ಚುರುಕಿದ್ದವರಲ್ಲಿ ಒಬ್ಬರನ್ನು ಈ ಆರ್ಡರು ಮುಗಿದ ಮೇಲೆ ಖಾಯಂ ಮಾಡುತ್ತೇವೆ ಎಂದು ಮೇಸ್ತ್ರಿ ಹೇಳಿದ್ದೇ ತಡ, ಅವಳ ಕೈಗೆ ರೆಕ್ಕೆ ಬಂತು.

ಇಷ್ಟರಲ್ಲಿ ಆ ಸಿನಿಮಾ ಬಂತು. ರಜೆಯ ದಿನ ಮಧ್ಯಾಹ್ನದ ಆಟಕ್ಕೆ ನಾವು ನಾಲ್ವರೂ ಹೋದೆವು. ಕಥೆ ಗೊತ್ತಿರುವುದೇ. ಮುಂದೆಂದೋ ಬರುವ ಕಾಲದಿಂದ ಒಂದು ಯಂತ್ರ ಬರುತ್ತದೆ. ಹೊರಗೆ ಮನುಷ್ಯನ ತೊಗಲು, ಒಳಗೆಲ್ಲ ಉಕ್ಕು. ಹೋಟೆಲಿನಲ್ಲಿ ತಟ್ಟೆ ಹೊತ್ತು ತಿರುಗುವ ಒಬ್ಬ ಹುಡುಗಿಯನ್ನು ಕೊಲ್ಲುವುದೇ ಅದರ ಕೆಲಸ, ಯಾಕೆಂದರೆ ಅವಳಿಗೆ ಹುಟ್ಟಲಿರುವ ಮಗ ಮುಂದೆ ಯಂತ್ರಗಳಿಗೆ ಎದುರು ನಿಲ್ಲುವವನು. ಗುಂಡಿನ ಸದ್ದಿಗೆ ಜನ ಕುರ್ಚಿಯಿಂದ ಹಾರಿ ಹಾರಿ ಬೀಳುತ್ತಿದ್ದರೆ ನಮ್ಮ ಅತ್ತಿಗೆ ಬಾಯಿ ತೆರೆದುಕೊಂಡು ಮಲಗಿದ್ದಳು. ಇಡೀ ದಿನ ದಢಾರ್ ದಢಾರ್ ಕೇಳುವ ಕಿವಿಗೆ ಅದು ಜೋಗುಳ.

“ಏನೇ, ಎದ್ದೇಳೇ, ಟಿಕೆಟ್ಟು ತಗೊಂಡು ಬಂದಿರೋದು ಮಲಗೋಕಲ್ಲ,” ಎಂದು ಅಣ್ಣ ತಿವಿದ.

“ಅವಳು ಸತ್ತಾಗ ಹೇಳ್ರೀ,” ಎಂದು ಅತ್ತಿಗೆ ಮಗ್ಗುಲು ಬದಲಿಸಿದಳು.

ಕೊನೆಗೆ ಯಂತ್ರದ ತೊಗಲೆಲ್ಲ ಸುಟ್ಟು, ಬರೀ ಉಕ್ಕಿನ ಗೂಡು ತೆವಳಿಕೊಂಡು ಬರುತ್ತದೆ. ಕಾಲಿಗೆ ಪೆಟ್ಟಾದ ಹುಡುಗಿ ಒಂದು ಕಾರ್ಖಾನೆಯೊಳಗೆ ತೆವಳಿ, ದೊಡ್ಡದೊಂದು ಪ್ರೆಸ್ಸಿನ ಬಾಯಿಂದ ತೂರಿ ಆಚೆ ಬೀಳುತ್ತಾಳೆ. ಅಲ್ಲಿ ಒಂದು ಗಳಿಗೆ ಬೇರೆಲ್ಲ ಸದ್ದು ನಿಂತು ಪ್ರೆಸ್ಸಿನ ಗುರುಗುಟ್ಟುವಿಕೆ ಮಾತ್ರ ಕೇಳಿಸಿತು. ಅತ್ತಿಗೆ ಧಡಕ್ಕನೆ ಎದ್ದು ಕೂತಳು. ಇಷ್ಟು ಹೊತ್ತೂ ಬಂದೂಕಿಗೆ ಏಳದವಳು ಆ ಸದ್ದಿಗೆ ಎದ್ದಳು.

ತೆರೆಯ ಮೇಲೆ ಹುಡುಗಿ ಕೈ ಚಾಚಿ ತಡಕಾಡಿ ಗುಂಡಿ ಒತ್ತಿದಳು. ಪ್ರೆಸ್ಸು ಇಳಿಯಿತು. ಉಕ್ಕಿನ ಆ ಭೂತ ಅಪ್ಪಚ್ಚಿಯಾಗಿ ಕೆಂಪು ಕಣ್ಣು ಆರಿತು. ಜನ ಕುಣಿದರು, ಸೀಟಿ ಹೊಡೆದರು. ಆ ಗದ್ದಲದ ನಡುವೆ ಅತ್ತಿಗೆ ಎದ್ದು ನಿಂತು ಕೂಗಿದಳು:

“ಒಂದೇ ಕೈಯಲ್ಲಿ ಇಳೀತಲ್ರೋ! ಇನ್ನೊಂದು ಗುಂಡಿ ಯಾರ್ರೋ ಕಟ್ಟಿದ್ದು?”

ಹಿಂದಿನ ಸಾಲಿನವನೊಬ್ಬ, “ಅಮ್ಮಾ, ಕೂತ್ಕೋಮ್ಮಾ, ಅದು ನಿಮ್ಮನೆ ಪ್ರೆಸ್ಸಲ್ಲ,” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ತಂಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು.

ಮನೆಯ ಮುಂದೆ ಚಪ್ಪಲಿ ಕಳಚುತ್ತಾ ಅತ್ತಿಗೆ ನನ್ನ ಕಡೆ ತಿರುಗಿದಳು.

“ನೋಡಪ್ಪಾ, ಆ ಕೆಂಪು ಕಣ್ಣಿಂದು ಕೊಲ್ಲೋಕೇ ಅಂತ ಹುಟ್ಟಿದ್ದು. ದೂರದಿಂದಲೇ ಗೊತ್ತಾಗುತ್ತೆ, ಓಡಬಹುದು. ಪ್ರೆಸ್ಸು ಹಾಗಲ್ಲ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಕೆಳಗೆ ಭೂತ ಬಂದ್ರೂ ಅಪ್ಪಚ್ಚಿ, ನನ್ನ ತಂಗಿ ಕೈ ಬಂದ್ರೂ ಅಪ್ಪಚ್ಚಿ. ಅಂಥದ್ದನ್ನ ನಾವೇ ಟ್ಯೂಬು ಸುತ್ತಿ ಬಿಟ್ಟಿದೀವಲ್ಲ!”

ಮರುದಿನ ಅಣ್ಣ ಮನೆಯೆಲ್ಲ ಜಾಲಾಡಿದ: “ನನ್ನ ದೊಡ್ಡ ಕತ್ತರಿ ಎಲ್ಲಿ?” ಕತ್ತರಿ ಅತ್ತಿಗೆಯ ಊಟದ ಚೀಲದಲ್ಲಿ ಶೆಡ್ಡು ಸೇರಿತ್ತು. ಮೊದಲು ತನ್ನ ಪ್ರೆಸ್ಸಿನ ಟ್ಯೂಬು ಕತ್ತರಿಸಿದಳು, ಆಮೇಲೆ ತಂಗಿಯದು.

ತಂಗಿ ಕೆರಳಿದಳು. “ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ನಿನ್ನ ಸಿನಿಮಾ ಹುಚ್ಚಿಗೆ ನನ್ನ ಕೆಲಸಕ್ಕೆ ಕಲ್ಲು ಹಾಕ್ತೀಯಾ?”

“ನಿನ್ನ ಕೆಲಸ ಇರೋದು ಬೆರಳಲ್ಲಿ ಕಣೇ. ಬೆರಳು ಹೋದ್ರೆ ಖಾಯಮ್ಮಾಗಿ ಮನೇಲಿ ಕೂತ್ಕೋ.”

“ಇಷ್ಟು ದಿನ ಏನಾಯ್ತು? ಏನೂ ಆಗಿಲ್ವಲ್ಲ!”

“ಆಗಿದ್ದಿದ್ರೆ ನಿನ್ನ ಹತ್ರ ಈ ಮಾತು ಆಡ್ತಿರಲಿಲ್ಲ, ನಿನಗೆ ತುತ್ತು ಮಾಡಿ ತಿನ್ನಿಸ್ತಿದ್ದೆ.”

ಜಗಳದ ಸದ್ದಿಗೆ ಮೇಸ್ತ್ರಿ ಬಂದ. ಅವನೂ ಪ್ರೆಸ್ಸಿನ ಮೇಲೆಯೇ ದುಡಿದು ಮೇಲೆ ಬಂದವನು. ಕೆಟ್ಟವನೇನಲ್ಲ, ಮಾಲೀಕ ಕೆಮ್ಮಿದರೆ ತನಗೇ ನೆಗಡಿಯಾಗುವ ಜಾತಿಯ ಮನುಷ್ಯ. ಕತ್ತರಿಸಿದ ಟ್ಯೂಬು ನೋಡಿ ಅವನ ಮೈ ಉರಿಯಿತು.

“ಏನಮ್ಮಾ ಇದು? ಆರ್ಡರು ನಿಮ್ಮಪ್ಪ ಬಂದು ಮುಗಿಸ್ತಾನಾ? ಸುತ್ತು, ಸುತ್ತು. ಕೈ ಚುರುಕಾಗಿದ್ರೆ ಏನೂ ಆಗಲ್ಲ.”

“ಏನೂ ಆಗಲ್ವಾ?”

“ನಾನು ಈ ಪ್ರೆಸ್ಸಿನ ಮುಂದೆಯೇ ಮೀಸೆ ಮೂಡಿಸಿಕೊಂಡೋನು. ನನಗೇ ಹೇಳ್ತೀಯಾ? ಏನೂ ಆಗಲ್ಲ!”

ಅತ್ತಿಗೆ ಬಗ್ಗಿ ನೆಲದ ಮೇಲಿದ್ದ ಟ್ಯೂಬಿನ ತುಂಡುಗಳನ್ನು ಎತ್ತಿ ಗಂಟು ಹಾಕಿದಳು. ತಂಗಿಯ ಪ್ರೆಸ್ಸಿನ ಎಡಗಡೆ ಗುಂಡಿಯ ಮೇಲೆ ಚಕ್ಕೆಯಿಟ್ಟು ತಾನೇ ಬಿಗಿಯಾಗಿ ಸುತ್ತಿದಳು. ಸೋತಳು ಎಂದುಕೊಂಡು ಮೇಸ್ತ್ರಿ ಮೀಸೆಯಡಿ ನಕ್ಕ. ಆಗ ಅವಳು ತಂಗಿಯನ್ನು ಎಬ್ಬಿಸಿ, ಆ ಸ್ಟೂಲನ್ನು ಸೆರಗಿನಿಂದ ಒರೆಸಿ ಹೇಳಿದಳು:

“ಬನ್ನಿ ಮೇಸ್ತ್ರಿಗಳೇ, ಕೂತ್ಕೊಳ್ಳಿ. ತಗಡು ನೀವು ಇಡಿ. ಗುಂಡಿ ನಾನು ಒತ್ತೀನಿ.”

ಅಷ್ಟು ಹೊತ್ತಿಗೆ ಪಕ್ಕದ ಪ್ರೆಸ್ಸುಗಳೆಲ್ಲ ನಿಂತಿದ್ದವು. ನಾನೂ ಬೆಸುಗೆಯ ಕಡ್ಡಿ ಕೆಳಗಿಟ್ಟು ಬಂದೆ. ಎಲ್ಲ ಹೆಂಗಸರ ಕಣ್ಣು ತನ್ನ ಮೇಲೇ ಇರುವಾಗ ಮೇಸ್ತ್ರಿ ಹಿಂದೆಗೆಯುವುದು ಹೇಗೆ? ಅಂಗಿಯ ತೋಳು ಮಡಚಿ ಕೂತ.

ಮೊದಲ ತಗಡು ಇಟ್ಟ. ಕಾದ ಬಾಣಲೆ ಮುಟ್ಟಿದವನಂತೆ ಕೈ ಎಳೆದುಕೊಂಡ. ಅತ್ತಿಗೆ ಒತ್ತಿದಳು. ದಢಾರ್. ಮುಚ್ಚಳ ಬಿತ್ತು.

“ನೋಡಿದ್ಯಾ?” ಎಂದ ಮೇಸ್ತ್ರಿ.

“ನೋಡ್ದೆ. ಆದ್ರೆ ಈ ವೇಗಕ್ಕೆ ಸಂಜೆಗೆ ಒಂದು ಬುಟ್ಟಿನೂ ತುಂಬಲ್ಲ. ಸ್ವಲ್ಪ ಚುರುಕಾಗಿ, ಆರ್ಡರು ತಡ ಆಗುತ್ತೆ.”

ಹೆಂಗಸರು ಕಿಸಕ್ಕೆಂದರು. ಅದು ದಿನವೂ ಅವನೇ ಆಡುವ ಮಾತು. ಮೇಸ್ತ್ರಿಗೆ ರೋಷ ಬಂತು. ಸರಸರನೆ ತಗಡು ಇಡತೊಡಗಿದ. ದಢಾರ್. ದಢಾರ್. ಅತ್ತಿಗೆಯ ಬೆರಳು ಗುಂಡಿ ಬಿಟ್ಟು ಕದಲಲಿಲ್ಲ. ಆಮೇಲಿನ ತಗಡು ಅಚ್ಚಿನಲ್ಲಿ ಓರೆಯಾಗಿ ಕೂತಿತು. ಪ್ರೆಸ್ಸಿನವರಿಗೆ ಇದು ದಿನಬೆಳಗಾದರೆ ಇದ್ದದ್ದೇ. ಬೆರಳ ತುದಿಯಿಂದ ಒಂದಿಷ್ಟು ತಳ್ಳಿ ಸರಿ ಮಾಡಬೇಕು, ಅಷ್ಟೇ.

ಮೇಸ್ತ್ರಿ ಕೈ ಚಾಚಿದ. ಅರ್ಧದಲ್ಲೇ ಕೈ ನಿಂತಿತು. ಅತ್ತಿಗೆಯ ಬೆರಳು ನೋಡಿದ, ಮೇಲಿನ ಅಚ್ಚು ನೋಡಿದ, ಮತ್ತೆ ಬೆರಳು ನೋಡಿದ.

“ಬೆರಳು ತೆಗಿ ಅಲ್ಲಿಂದ.”

“ಯಾಕೆ ಮೇಸ್ತ್ರಿಗಳೇ? ಏನೂ ಆಗಲ್ಲ ಅಂದ್ರಲ್ಲ.”

“ತೆಗಿಯಮ್ಮಾ ಅಂದ್ರೆ!”

ಅತ್ತಿಗೆ ಬೆರಳು ತೆಗೆದಳು. ಎರಡೂ ಕೈ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. “ನಿಮ್ಮ ಕೈ ಒಳಗಿದ್ರೆ ನಾನು ಒತ್ತಲ್ಲ. ನನಗೆ ಕಣ್ಣಿದೆ, ಕರುಳಿದೆ. ನನ್ನ ತಂಗಿಗೆ ತಗಡು ಸರಿ ಮಾಡೋದೂ ಅವಳ ಕೈನೇ, ಗುಂಡಿ ಒತ್ತೋದೂ ಅವಳ ಕೈನೇ. ರೂಢಿ ಬಿದ್ದ ಕೈ ಯಾರ ಮಾತು ಕೇಳುತ್ತೆ? ತಗಡು ಓರೆಯಾಗಿದೆ ಅಂತ ಈ ಕೈ ಆ ಕೈಗೆ ಹೇಳುತ್ತಾ?”

ನಾನು ತಂಗಿಯ ಮುಖ ನೋಡಿದೆ. ಬಣ್ಣ ಇಳಿದಿತ್ತು. ದಿನವೂ ಓರೆ ತಗಡುಗಳನ್ನು ಬೆರಳಲ್ಲಿ ಸರಿ ಮಾಡಿದ್ದವಳು ಅವಳು; ಎಷ್ಟು ಸಲ ಕೂದಲೆಳೆಯಲ್ಲಿ ಪಾರಾಗಿದ್ದಳೋ ಅವಳಿಗೇ ಗೊತ್ತು. ಅಕ್ಕನ ಚೀಲಕ್ಕೆ ಕೈ ಹಾಕಿ, ಅಣ್ಣನ ಕತ್ತರಿ ತೆಗೆದು, ತನ್ನ ಪ್ರೆಸ್ಸಿನ ಟ್ಯೂಬನ್ನು ಕಚಕ್ಕನೆ ಕತ್ತರಿಸಿದಳು. ಕತ್ತರಿಯನ್ನು ಮುಂದಿನವಳಿಗೆ ದಾಟಿಸಿದಳು. ಅವಳು ಇನ್ನೊಬ್ಬಳಿಗೆ. ಕತ್ತರಿ ಶೆಡ್ಡಿನ ಆ ತುದಿ ಮುಟ್ಟಿ ತಿರುಗಿ ಬರುವವರೆಗೆ ಮೇಸ್ತ್ರಿ ಸ್ಟೂಲಿನಿಂದ ಏಳಲಿಲ್ಲ.

ಆರ್ಡರು ತಡವಾಯಿತು. ಖಾಯಂ ಮಾತು ಗಾಳಿಗೆ ಹೋಯಿತು. ಯಾರನ್ನೂ ಖಾಯಂ ಮಾಡಲಿಲ್ಲ. ಮಾಲೀಕ ಅತ್ತಿಗೆಯನ್ನು ಪ್ರೆಸ್ಸಿನಿಂದ ಎಬ್ಬಿಸಿ ತಗಡಿನ ಚೂರು ಗುಡಿಸುವ ಕೆಲಸಕ್ಕೆ ಹಾಕಿದ. ಸ್ವಲ್ಪ ದಿನ ಬಿಟ್ಟು, ಮೇಸ್ತ್ರಿಯೇ ಹಲ್ಲು ಕಿರಿಯುತ್ತಾ ಬಂದ.

“ತಪ್ಪಾಯ್ತು ಅಂತ ಮಾಲೀಕರಿಗೆ ಒಂದು ಮಾತು ಹೇಳಮ್ಮಾ. ನಿನ್ನ ಪ್ರೆಸ್ಸು ನಿನಗೆ.”

ಅತ್ತಿಗೆ ಪೊರಕೆ ನೆಲಕ್ಕೆ ಕುಟ್ಟಿದಳು. “ತಪ್ಪಾಯ್ತು ಅಂತ ಟ್ಯೂಬು ಸುತ್ತಿದೋರು ಹೇಳಲಿ. ನಾನೂ ಸುತ್ತಿದ್ದೆ, ನನ್ನ ತಂಗಿ ಹತ್ರ ಹೇಳಿದೀನಿ. ಮಾಲೀಕರು ಹೇಳಬೇಕಾಗಿದ್ದು ಇನ್ನೂ ಬಾಕಿ ಇದೆ. ಅವರು ಬರೋವರೆಗೂ ಗುಡಿಸ್ತಿರ್ತೀನಿ.”

ಮಾಲೀಕ ಬರಲಿಲ್ಲ. ಅತ್ತಿಗೆ ಕೆಲಸ ಬಿಡುವ ತನಕ ಗುಡಿಸಿದಳು. ಅದರಿಂದ ಸಾಲು ಸಾಲಾಗಿ ಎಲ್ಲ ಪ್ರೆಸ್ಸಿನ ಬುಡಕ್ಕೂ ಹೋಗುವ ಅವಕಾಶ ಅವಳಿಗೆ ಸಿಕ್ಕಿತು. ಬಗ್ಗಿ ಗುಡಿಸುತ್ತಾ ಮೆಲ್ಲಗೆ ಗುಂಡಿ ತಡವುವಳು. ಎಲ್ಲಾದರೂ ಟ್ಯೂಬು ಕೈಗೆ ಸಿಕ್ಕಿತೋ, ಕಚಕ್. ಜೋಡಿಗುಂಡಿ ಎಂಬ ಅಡ್ಡಹೆಸರು ಬಿದ್ದದ್ದು ಆಗ. ಅಣ್ಣ ಬೇರೆ ಕತ್ತರಿ ಕೊಂಡುಕೊಂಡ.

ಮೊನ್ನೆ ಆ ಸಿನಿಮಾ ಟಿವಿಯಲ್ಲಿ ಬಂತು. ಅತ್ತಿಗೆ ಎಂದಿನಂತೆ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಈಗ ತಲೆ ನರೆತ ತಂಗಿ, ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಪ್ರೆಸ್ಸು ಗುರುಗುಟ್ಟಿದ ತಕ್ಷಣ ಅತ್ತಿಗೆ ಎದ್ದು ಕೂತು, ಕನ್ನಡಕ ಸರಿ ಮಾಡಿಕೊಂಡು, ತೆರೆಯ ಮೇಲಿನ ಹುಡುಗಿಗೆ ಗದರಿದಳು: “ಕೈ ಹಿಂದೆ ತಗೊಳ್ಳೇ!”

“ಅವಳು ತಗೋತಾಳೆ ಬಿಡಕ್ಕಾ,” ಎಂದಳು ತಂಗಿ. ಹತ್ತು ಬೆರಳಲ್ಲೂ ಬಟಾಣಿಯ ಹಸಿರು ಹತ್ತಿತ್ತು. ಅತ್ತಿಗೆ ಆ ಕೈಗಳ ಕಡೆ ಒಮ್ಮೆ ನೋಡಿ, ಸಿನಿಮಾ ಮುಗಿಯಿತು ಎನ್ನುವಂತೆ ಮತ್ತೆ ಕಣ್ಣು ಮುಚ್ಚಿದಳು.